ಕಾಣದ ಸೋರಿಕೆ, ಹೇಳದ ಮಾತು



ಹಳೆಯ ಕಾರೊಂದನ್ನು ಮಾರಬೇಕಾಗಿದೆ ಎಂದುಕೊಳ್ಳಿ. ಬಾಡಿ ಚೆನ್ನಾಗಿದೆ, ಟೈರುಗಳು ಚೆನ್ನಾಗಿವೆ, ಕಾಗದಪತ್ರ ಸರಿಯಾಗಿವೆ. ಒಂದೇ ತೊಂದರೆ: ಎರಡು ದಿನಕ್ಕೊಮ್ಮೆ ರೇಡಿಯೇಟರಿಗೆ ಅರ್ಧ ಲೀಟರ್ ನೀರು ಸುರಿಯಬೇಕು. ಆ ನೀರು ಎಲ್ಲಿ ಹೋಗುತ್ತದೆ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಕೊಳ್ಳಲು ಬಂದವನು ಬಾನೆಟ್ ಎತ್ತಿ ನೋಡುತ್ತಾನೆ, ಊರ ಹೊರಗೆ ಒಂದು ಸುತ್ತು ಓಡಿಸುತ್ತಾನೆ, ಬೆಲೆಗೆ ಚೌಕಾಶಿ ಮಾಡುತ್ತಾನೆ. ನೀರಿನ ವಿಷಯ ಕೇಳುವುದೇ ಇಲ್ಲ. ನಾವಾಗಿಯೇ ಹೇಳಬೇಕೇ? ಕೇಳದ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅದು ಸುಳ್ಳಾಗುತ್ತದೆಯೇ?

ಈ ತಪಸ್ಸುಕಾಲದ ಆರಂಭದಲ್ಲಿ ನಮ್ಮ ಯುವಜನರ ಕೂಟದಲ್ಲಿ ಒಬ್ಬ ಅಣ್ಣ ಈ ಪ್ರಶ್ನೆಯನ್ನು ಎತ್ತಿದರು. ಮಾರಬೇಕಾದದ್ದು ಅವರ ಮನೆಯ ಕಾರು. ಬರುವ ಹಣ ತಂಗಿಯ ನರ್ಸಿಂಗ್ ಶಿಕ್ಷಣದ ಶುಲ್ಕಕ್ಕೆ. “ಹೇಳಿದ್ರ ಇಪ್ಪತ್ತು ಸಾವಿರ ಕಡಿಮಿ ಕೇಳ್ತಾರ. ಹೇಳದಿದ್ರ ನನಗ ನಿದ್ದಿ ಬರೂದಿಲ್ಲ. ನೀವ ಹೇಳ್ರಿ, ಏನ್ ಮಾಡ್ಲಿ?” ಎಂದರು. ಕೂಟದಲ್ಲಿ ಎರಡು ಪಕ್ಷಗಳಾದವು. “ಹಳೇ ಗಾಡಿ ಅಂದಮ್ಯಾಲ ತಗೊಳ್ಳಾಂವ ನೋಡಿ ತಗೋಬೇಕು” ಎಂದರು ಕೆಲವರು. “ಗೊತ್ತಿದ್ದೂ ಹೇಳದಿದ್ರ ಮೋಸನ ಅಲ್ಲೇನು?” ಎಂದರು ಉಳಿದವರು. ವಾದ ಆ ದಿನ ಮುಗಿಯಲಿಲ್ಲ. ಆಮೇಲೆ ನಾವು ಮಾಡಿದ್ದು, ಓದಿದ್ದು, ನಮಗೆ ತಿಳಿದದ್ದು ಇಲ್ಲಿದೆ.

ಮೊದಲು ಹುಡುಕಬೇಕು

ಸೋರಿಕೆ ಎಲ್ಲಿದೆ ಎಂದು ತಿಳಿಯದೆ ಹೇಳಬೇಕೋ ಬೇಡವೋ ಎಂದು ವಾದಿಸಿ ಪ್ರಯೋಜನವಿಲ್ಲ. ಹೋಸ್ ಪೈಪಿನ ಕ್ಲಿಪ್ಪು ಸಡಿಲವಾಗಿದ್ದರೆ ಅದು ಚಹಾ ಅಂಗಡಿಯ ಖರ್ಚಿನಲ್ಲಿ ಮುಗಿಯುವ ಕೆಲಸ. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಇಂಜಿನ್ನೇ ಬಿಚ್ಚಬೇಕು. ಎರಡೂ ಹೊರಗಿನಿಂದ ಒಂದೇ ರೀತಿ ಕಾಣುತ್ತವೆ: ನೀರು ಕಡಿಮೆಯಾಗುತ್ತದೆ, ಅಷ್ಟೇ. ಹೀಗಾಗಿ ನಮ್ಮಲ್ಲಿ ನಾಲ್ವರು ಆ ಅಣ್ಣನ ಜತೆ ಸೇರಿ ನಾಲ್ಕು ದಿನ ಹುಡುಕಿದೆವು.

ಇಂಜಿನ್ ತಣ್ಣಗಿರುವಾಗಲೇ ಶುರು ಮಾಡಬೇಕು. ಬಿಸಿ ಇಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಇದನ್ನು ಓದುವ ಎಲ್ಲ ತಮ್ಮಂದಿರೂ ನೆನಪಿಡಬೇಕಾದ ಮಾತು ಇದು. ಆ ಮುಚ್ಚಳ ಬರಿಯ ಮುಚ್ಚಳವಲ್ಲ, ಒತ್ತಡ ಹಿಡಿದಿಡುವ ಬಿರಡೆ. ಬಯಲಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ಸುಮಾರು 0.9 ಬಾರ್ ಒತ್ತಡ ಹಿಡಿದರೆ ಅದೇ ನೀರು ಸುಮಾರು 118 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ಕೂಲಂಟ್ ಬೆರೆಸಿದರೆ ಇನ್ನೂ ಹೆಚ್ಚು. ಆದ್ದರಿಂದ ಸಣ್ಣ ಸೋರಿಕೆ ಕದಿಯುವುದು ನೀರನ್ನಷ್ಟೇ ಅಲ್ಲ, ಒತ್ತಡವನ್ನೂ ಕದಿಯುತ್ತದೆ. ಟ್ಯಾಂಕಿನಲ್ಲಿ ನೀರಿದ್ದರೂ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಜತ್ತದಿಂದ ವಿಜಯಪುರದ ಕಡೆ ಹೊರಟ ಗಾಡಿ ಅರ್ಧ ದಾರಿಯಲ್ಲಿ ಕುದಿಯುವುದು ಹೀಗೆ.

ಮೊದಲ ರಾತ್ರಿ ಕಾರಿನ ಕೆಳಗೆ ಅಗಲವಾದ ರಟ್ಟು ಹಾಸಿದೆವು. ಬೆಳಿಗ್ಗೆ ಒಂದು ಹನಿಯೂ ಬಿದ್ದಿರಲಿಲ್ಲ. ಎರಡನೆಯ ದಿನ ಹೋಸುಗಳನ್ನು ಒಂದೊಂದಾಗಿ ಒತ್ತಿ ನೋಡಿದೆವು, ಕ್ಲಿಪ್ಪುಗಳ ಕೆಳಗೆ ಬೆರಳಾಡಿಸಿದೆವು, ರೇಡಿಯೇಟರಿನ ತಂತಿಬಲೆಯಂಥ ರೆಕ್ಕೆಗಳಲ್ಲಿ ಹಸಿರು ಕಲೆಗಾಗಿ ಹುಡುಕಿದೆವು. ಒಳಗೆ ಮುಂದಿನ ಸೀಟಿನ ಕೆಳಗಿನ ಮ್ಯಾಟು ಒದ್ದೆಯಾಗಿದೆಯೇ ಎಂದೂ ನೋಡಿದೆವು. ಹೀಟರ್ ಸೋರಿದರೆ ನೀರು ಅಲ್ಲಿಗೆ ಬರುತ್ತದೆ. ಎಲ್ಲವೂ ಒಣಗಿದ್ದವು.

ಆಗ ಎಲ್ಲರ ಮನಸ್ಸಿನಲ್ಲೂ ಬಂದದ್ದು ಒಂದೇ ಭಯ: ಹೆಡ್ ಗ್ಯಾಸ್ಕೆಟ್. ಅದು ಒಡೆದರೆ ನೀರು ಸಿಲಿಂಡರಿನೊಳಗೆ ಹೋಗಿ ಸುಟ್ಟು ಹಬೆಯಾಗುತ್ತದೆ. ಅದಕ್ಕೆ ಗುರುತುಗಳಿವೆ. ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಇಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತಾಗುವುದು, ರೇಡಿಯೇಟರಿನಲ್ಲಿ ಗುಳ್ಳೆ ಏಳುವುದು, ಒಂದು ಸ್ಪಾರ್ಕ್ ಪ್ಲಗ್ ಮಾತ್ರ ತೊಳೆದಷ್ಟು ಸ್ವಚ್ಛವಾಗಿರುವುದು. ಒಂದೊಂದನ್ನೂ ನೋಡಿದೆವು. ಯಾವುದೂ ಇರಲಿಲ್ಲ.

ಮೂರನೆಯ ದಿನ ಪರಿಚಯದ ಮಿಸ್ತ್ರಿಯೊಬ್ಬರು ಒತ್ತಡ ಪರೀಕ್ಷಿಸುವ ಕೈಪಂಪು ತಂದರು. ರೇಡಿಯೇಟರ್ ಮುಚ್ಚಳದ ಜಾಗದಲ್ಲಿ ಅದನ್ನು ಕೂರಿಸಿ ಸೈಕಲ್ ಪಂಪಿನಂತೆ ಗಾಳಿ ಹೊಡೆಯುವುದು, ಮೀಟರಿನ ಮುಳ್ಳು ನಿಲ್ಲುತ್ತದೋ ಇಳಿಯುತ್ತದೋ ನೋಡುವುದು. ಮುಳ್ಳು ನಿಧಾನವಾಗಿ ಇಳಿಯಿತು. ಎಲ್ಲಿಂದ ಎಂದು ಕಾಣಲಿಲ್ಲ. ನಾಲ್ಕನೆಯ ದಿನ ಬೆಲ್ಟಿನ ಕವರು ಬಿಚ್ಚಿ ಬ್ಯಾಟರಿ ಹಿಡಿದು ನೋಡಿದಾಗ, ವಾಟರ್ ಪಂಪಿನ ಗಾಲಿಯ ಹಿಂದೆ ಕಡಲೆಕಾಳು ಗಾತ್ರದ ರಂಧ್ರದ ಕೆಳಗೆ ಉಪ್ಪಿನಂಥ ಬಿಳಿ ಹಕ್ಕಳೆ ಇಳಿದಿತ್ತು. ಗಾಡಿ ಓಡಿ ಒತ್ತಡ ಏರಿದಾಗ ಮಾತ್ರ ಅಲ್ಲಿಂದ ನೀರು ಒಸರುತ್ತಿತ್ತು, ಬಿಸಿ ಲೋಹದ ಮೇಲೆ ಬಿದ್ದು ಅಲ್ಲೇ ಆವಿಯಾಗುತ್ತಿತ್ತು. ನೆಲಕ್ಕೆ ಒಂದು ಹನಿಯೂ ಬೀಳದಿದ್ದದ್ದು ಅದಕ್ಕೇ.

“ಈ ತೂತು ಮುಚ್ಚಿಬಿಟ್ರ ಆತಲ್ಲ?” ಎಂದು ನಮ್ಮಲ್ಲೊಬ್ಬ ಕೇಳಿದ. ಮಿಸ್ತ್ರಿ ಕಾಕಾ ನಕ್ಕರು: “ಅದು ಒಡೆದ ತೂತಲ್ಲ ತಮ್ಮಾ, ಕಂಪನಿಯವರ ಇಟ್ಟದ್ದು. ಒಳಗಿನ ಸೀಲ್ ಸವೆದಾಗ ನೀರು ಬೇರಿಂಗಿಗೆ ಹೋಗದ ಹೊರಗ ಬರ್ಲಿ, ಮಾಲಕಗ ಗೊತ್ತಾಗ್ಲಿ ಅಂತ. ಮುಚ್ಚಿದ್ರ ಪಂಪ್ ಪೂರಾ ಜಾಮ್ ಆಗ್ತದ.” ಕೆಟ್ಟಾಗ ಕೆಟ್ಟಿದೆ ಎಂದು ಹೇಳುವುದಕ್ಕಾಗಿಯೇ ಯಂತ್ರ ಮಾಡಿದವರು ಒಂದು ಬಾಯಿ ಬಿಟ್ಟಿದ್ದಾರೆ ಎಂಬುದು ನಮಗೆ ಹೊಸ ಸಂಗತಿ.

ಗೊತ್ತಿಲ್ಲ ಎನ್ನುವುದು ನೆಪವಾಗುವುದು ಯಾವಾಗ?

ಹುಡುಕಾಟದ ನಡುವೆ ಒಬ್ಬ ತಮ್ಮ ಹೀಗೆಂದ: “ಹುಡುಕದಿದ್ರ ಚಲೋ ಇತ್ತು. ಗೊತ್ತಿಲ್ಲ ಅಂದ್ರ ಹೇಳೂ ಜವಾಬ್ದಾರಿನೂ ಇಲ್ಲ.” ತಮಾಷೆಗೆ ಹೇಳಿದ್ದಾದರೂ ನಮ್ಮಲ್ಲಿ ಅನೇಕರು ನಿಜವಾಗಿ ನಂಬುವ ಮಾತು ಇದು.

ಸಂತ ಥಾಮಸ್ ಅಕ್ವಿನಾಸರು 13ನೇ ಶತಮಾನದಲ್ಲಿ ಬರೆದ ‘ಸುಮ್ಮಾ ಥಿಯೊಲಾಜಿಕಾ’ದ 2ನೇ ಭಾಗದ ಉತ್ತರಾರ್ಧದಲ್ಲಿ, 77ನೇ ಪ್ರಶ್ನೆಯಡಿ, ಕೊಡುವ ಕೊಳ್ಳುವ ವ್ಯವಹಾರದ ಮೋಸವನ್ನು ಚರ್ಚಿಸಿದ್ದಾರೆ. ಮಾರುವವನಿಗೆ ದೋಷ ನಿಜವಾಗಿಯೂ ಗೊತ್ತಿಲ್ಲದಿದ್ದರೆ ಅವನಿಗೆ ಪಾಪವಿಲ್ಲ. ಆದರೆ ಮುಂದೆ ಗೊತ್ತಾದ ದಿನ ಕೊಂಡವನ ನಷ್ಟ ತುಂಬಿಕೊಡಬೇಕು ಎನ್ನುತ್ತಾರೆ. ಅಂದರೆ ಅರಿಯದವನ ಮೇಲೂ ಋಣ ಉಳಿಯುತ್ತದೆ. ಇನ್ನು ಕಥೋಲಿಕ ಧರ್ಮೋಪದೇಶದ 1791ನೇ ವಿಭಾಗ ಇನ್ನೊಂದು ಮಾತು ಸೇರಿಸುತ್ತದೆ. ಸತ್ಯವನ್ನೂ ಒಳಿತನ್ನೂ ತಿಳಿಯಲು ಮನುಷ್ಯ ಕಾಳಜಿಯನ್ನೇ ವಹಿಸದಿದ್ದರೆ ಆ ಅಜ್ಞಾನಕ್ಕೆ ಅವನೇ ಹೊಣೆ.

ನಮ್ಮ ಅಣ್ಣನ ವಿಷಯದಲ್ಲಿ ಇದು ಸ್ಪಷ್ಟ. ಎಲ್ಲಿ ಸೋರುತ್ತದೆ ಎಂಬುದು ಗೊತ್ತಿರಲಿಲ್ಲ, ಸೋರುತ್ತದೆ ಎಂಬುದು ಗೊತ್ತಿತ್ತು. ಪ್ರತಿ ಎರಡು ದಿನಕ್ಕೊಮ್ಮೆ ಚೆಂಬು ಹಿಡಿದು ಬಾನೆಟ್ ಎತ್ತುವ ಕೈಗೆ “ಗೊತ್ತಿಲ್ಲ” ಎನ್ನುವ ಹಕ್ಕಿಲ್ಲ. ಅದೂ ಟ್ಯಾಂಕರ್ ಬರುವ ದಿನ ಎಣಿಸುವ ನಮ್ಮಂಥ ತಾಲ್ಲೂಕಿನಲ್ಲಿ, ಕುಡಿಯುವ ನೀರನ್ನೇ ಸೋರುವ ಇಂಜಿನ್ನಿಗೆ ಸುರಿಯುತ್ತ ಕಾರಣ ಹುಡುಕದಿರುವುದು ಇನ್ನೊಂದು ಅನ್ಯಾಯ. ಬೋರಿನ ಗಡುಸು ನೀರು ಸುರಿದರೆ ಅದು ಒಳಗೆ ಪಾಚಿಗಟ್ಟಿದಂತೆ ಸುಣ್ಣಗಟ್ಟಿ ಸಣ್ಣ ನಳಿಗೆಗಳನ್ನು ಮುಚ್ಚುತ್ತದೆ. ಸೋರಿಕೆಗೆ ಕೊಟ್ಟ ಮದ್ದೇ ಎರಡನೆಯ ರೋಗವಾಗುತ್ತದೆ. ಕೂಲಂಟ್ ಸೋರಿದರಂತೂ ಅದು ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನೆಕ್ಕಿದ ನಾಯಿ ಸಾಯುತ್ತದೆ, ಚಿಕ್ಕ ಮಕ್ಕಳಿಗೂ ಅಪಾಯ. ಹಾಗಾಗಿ ಸೋರಿಕೆ ಮಾಲೀಕನೊಬ್ಬನ ಖಾಸಗಿ ಸಂಗತಿಯಲ್ಲ.

ಒಂದು ಹಿಡಿ ಅರಿಶಿಣ

ಲಾರಿ ಓಡಿಸುವವರಿಗೆ ಗೊತ್ತಿರುವ ಹಳೆಯ ಉಪಾಯವೊಂದಿದೆ. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿಣ ಪುಡಿ ಹಾಕುವುದು. ಪುಡಿ ನೀರಿನೊಡನೆ ಹರಿದು ತೂತಿನ ಬಾಯಲ್ಲಿ ಕಟ್ಟಿಕೊಂಡು ಸ್ವಲ್ಪ ಹೊತ್ತು ಸೋರಿಕೆ ನಿಲ್ಲಿಸುತ್ತದೆ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವಗಳೂ ಇದೇ ಕೆಲಸ ಮಾಡುತ್ತವೆ. ಉಮದಿ ದಾಟಿ ರಾತ್ರಿ ಹತ್ತು ಗಂಟೆಗೆ ಗಾಡಿ ಕುದಿದು ನಿಂತಿದೆ, ಜತೆಗೆ ಹೆಂಡತಿ ಮಕ್ಕಳಿದ್ದಾರೆ ಎಂದುಕೊಳ್ಳಿ. ಹತ್ತಿರದ ಮನೆಯಿಂದ ಅರಿಶಿಣ ಬೇಡಿ ತಂದು ಹಾಕಿ ಊರು ಸೇರಿದರೆ ಅದು ಜಾಣತನ. ಅದೇ ಅರಿಶಿಣವನ್ನು ಗಿರಾಕಿ ಬರುವ ಮುಂಚಿನ ಸಂಜೆ ಹಾಕಿದರೆ? ಪುಡಿ ಅದೇ, ಕೈ ಅದೇ, ತೂತು ಅದೇ. ಬದಲಾದದ್ದು ಯಾರಿಗಾಗಿ ಹಾಕಿದೆವು ಎಂಬುದು. ಮೊದಲನೆಯದು ಊರು ಮುಟ್ಟುವುದಕ್ಕೆ, ಎರಡನೆಯದು ಇನ್ನೊಬ್ಬನ ಕಣ್ಣು ಕಟ್ಟುವುದಕ್ಕೆ.

ಇದರಲ್ಲಿ ದೇಶದ ಕಾನೂನಿಗೂ ಅನುಮಾನವಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 17ನೇ ಕಲಂ, ಗೊತ್ತಿರುವ ಸಂಗತಿಯನ್ನು ಕರಾರಿನಲ್ಲಿ ಮೋಸಗೊಳಿಸಲು ಬೇಕೆಂದೇ ಮರೆಮಾಚುವುದನ್ನು ವಂಚನೆ ಎಂದೇ ಕರೆಯುತ್ತದೆ. ಅರಿಶಿಣದ ವಿಷಯದಲ್ಲಿ ಕೂಟದ ಎರಡೂ ಪಕ್ಷಗಳು ಒಂದಾದವು.

ಎರಡು ಕುದುರೆಗಳು

ಕಷ್ಟ ಇರುವುದು ಬರಿಯ ಮೌನದಲ್ಲಿ. ಏನನ್ನೂ ಮುಚ್ಚಲಿಲ್ಲ, ಏನನ್ನೂ ಹೇಳಲಿಲ್ಲ. ಇದು ಮೋಸವೇ?

ಅದೇ 17ನೇ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆ ಇದೆ. ಒಬ್ಬನು ರೋಗದ ಕುದುರೆಯನ್ನು ಹರಾಜಿನಲ್ಲಿ ಮಾರುತ್ತಾನೆ. ರೋಗ ಅವನಿಗೆ ಗೊತ್ತು, ಆದರೆ ಏನೂ ಹೇಳುವುದಿಲ್ಲ. ಕಾನೂನಿನ ಪ್ರಕಾರ ಅದು ವಂಚನೆಯಲ್ಲ. “ನೋಡಿ ತಗೋಬೇಕು” ಎಂದ ನಮ್ಮ ಗೆಳೆಯರಿಗೆ ಇದು ಬಲವಾದ ಆಧಾರ.

ಅಕ್ವಿನಾಸರ ಬರಹದಲ್ಲೂ ಒಂದು ಕುದುರೆ ಇದೆ, ಒಕ್ಕಣ್ಣಿನದು. ಅದರ ಕುರುಡು ಎಲ್ಲರಿಗೂ ಕಾಣುತ್ತದೆ. ಮಾರುವವನು ಅದಕ್ಕೆ ತಕ್ಕಂತೆ ಬೆಲೆ ಇಳಿಸಿದ್ದರೆ ಬಾಯಿಬಿಟ್ಟು ಹೇಳಲೇಬೇಕೆಂದಿಲ್ಲ. ಆದರೆ ದೋಷ ಕಣ್ಣಿಗೆ ಕಾಣದಂಥದ್ದಾಗಿ, ಅದರಿಂದ ಕೊಂಡವನಿಗೆ ನಷ್ಟವೋ ಅಪಾಯವೋ ಆಗುವಂತಿದ್ದರೆ ಮಾರುವವನು ಹೇಳಲೇಬೇಕು. ಕುಂಟು ಕುದುರೆಯನ್ನು ಓಟದ ಕುದುರೆಯೆಂದು, ಬೀಳುವ ಮನೆಯನ್ನು ಗಟ್ಟಿ ಮನೆಯೆಂದು ಕೊಡುವುದು ಅವರ ಉದಾಹರಣೆಗಳು. ಕಾರಿನ ಗೀರು, ಸವೆದ ಸೀಟು, ಮಾಸಿದ ಬಣ್ಣ ಇವು ಒಕ್ಕಣ್ಣು. ಬೆಲ್ಟಿನ ಕವರಿನ ಹಿಂದೆ ಒಸರುವ ನೀರು ಒಕ್ಕಣ್ಣಲ್ಲ. ನಾಲ್ಕು ಜನ ನಾಲ್ಕು ದಿನ ಹುಡುಕಿ ಕಂಡದ್ದನ್ನು ಕೊಳ್ಳುವವನು ಹತ್ತು ನಿಮಿಷದಲ್ಲಿ ಕಾಣಬೇಕು ಎಂದು ಕೇಳುವುದು ನ್ಯಾಯವಲ್ಲ.

ಅಕ್ವಿನಾಸರು ಮಾರುವವನ ಕಷ್ಟವನ್ನೂ ಬಲ್ಲವರು. ದೋಷವನ್ನು ಸಂತೆಯಲ್ಲಿ ಡಂಗುರ ಹೊಡೆಸಬೇಕಿಲ್ಲ ಎನ್ನುತ್ತಾರೆ. ಹಾಗೆ ಮಾಡಿದರೆ ವಸ್ತುವಿನ ಒಳ್ಳೆಯ ಗುಣಗಳನ್ನು ನೋಡುವ ಮೊದಲೇ ಜನ ಹೆದರಿ ಹೋಗುತ್ತಾರೆ. ಕೊಳ್ಳಲು ಬಂದವನಿಗೆ ಹೇಳಿದರೆ ಸಾಕು. ಒಳಿತು ಕೆಡುಕು ಎರಡನ್ನೂ ತೂಗಿ ಅವನೇ ತೀರ್ಮಾನಿಸಲಿ. ಬೆಲೆಯ ವಿಷಯದಲ್ಲೂ ಅವರದು ಅತಿಯಲ್ಲ. ಬರದ ಊರಿಗೆ ಧಾನ್ಯ ತಂದ ವ್ಯಾಪಾರಿಗೆ ಹಿಂದೆ ಇನ್ನೂ ಧಾನ್ಯ ಬರುತ್ತಿದೆ ಎಂದು ಗೊತ್ತಿದ್ದರೆ ಅದನ್ನು ಹೇಳಲೇಬೇಕೆಂಬ ನ್ಯಾಯದ ಕಟ್ಟಳೆ ಇಲ್ಲ, ಹೇಳಿದರೆ ಹೆಚ್ಚಿನ ಸದ್ಗುಣ ಎನ್ನುತ್ತಾರೆ. ನಾಳೆಯ ಮಾರುಕಟ್ಟೆ ಬೇರೆ, ಇಂದು ಕೈಗೆ ಕೊಡುವ ವಸ್ತುವಿನೊಳಗಿರುವ ದೋಷ ಬೇರೆ.

ಕಾನೂನಿನ ಕುದುರೆಯ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಉದಾಹರಣೆಯಲ್ಲಿ ಅದೇ ಕುದುರೆಯನ್ನು ಕೊಳ್ಳುವವಳು ಮಾರುವವನ ಮಗಳು, ಆಗಷ್ಟೇ ವಯಸ್ಸಿಗೆ ಬಂದವಳು. ಅಲ್ಲಿ ಕಾನೂನು ಮಾತು ಬದಲಿಸುತ್ತದೆ: ಆ ಸಂಬಂಧವೇ ಹೇಳುವ ಕರ್ತವ್ಯವನ್ನು ಹುಟ್ಟಿಸುತ್ತದೆ. ನಮ್ಮ ಚರ್ಚೆ ತಿರುಗಿದ್ದು ಇಲ್ಲಿ. ಮಗಳಿಗೆ ಹೇಳಬೇಕು, ಪರರಿಗೆ ಬೇಡ ಎಂದರೆ, ಪರರು ಯಾರು? ಇದೇ ಅರ್ಥದ ಪ್ರಶ್ನೆಯನ್ನು ಧರ್ಮಶಾಸ್ತ್ರಿಯೊಬ್ಬ ಪ್ರಭು ಯೇಸುವಿಗೆ ಕೇಳಿದಾಗ ಉತ್ತರವಾಗಿ ಬಂದದ್ದು ಸಮಾರಿಯದವನ ಸಾಮತಿ. ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ನೆರೆಯವನೊಡನೆ ಸತ್ಯ ಆಡಬೇಕು ಎನ್ನುವುದಕ್ಕೆ ಕೊಡುವ ಕಾರಣವೂ ಸಂಬಂಧವೇ: ನಾವು ಒಂದೇ ದೇಹದ ಅಂಗಗಳು.

ಗಡಿಯಲ್ಲಿರುವ ನಮಗೆ ಇದು ಸುಲಭದ ಮಾತಲ್ಲ. ಜತ್ತದ ಪೇಟೆಯಲ್ಲಿ ನಾವು ಕನ್ನಡದಲ್ಲಿ ಮಾತು ಶುರುಮಾಡಿ ಮರಾಠಿಯಲ್ಲಿ ಮುಗಿಸುತ್ತೇವೆ. ನಮ್ಮ ಧರ್ಮಪ್ರಾಂತ್ಯದಲ್ಲಿ ಬಲಿಪೂಜೆ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ನಡೆಯುತ್ತದೆ. “ನಮ್ಮವರಿಗೆ” ಗುಟ್ಟಿನಲ್ಲಿ ಹೇಳಿ, ಬೇರೆ ಭಾಷೆಯವನಿಗೆ, ಬೇರೆ ಊರಿನವನಿಗೆ ಸುಮ್ಮನಿರುವ ಅಭ್ಯಾಸ ಎಲ್ಲ ಕಡೆಯವರಲ್ಲೂ ಇದೆ. ಚಿಕ್ಕ ಸಮುದಾಯದ ನಾವು ಅದರ ಪೆಟ್ಟನ್ನೂ ತಿಂದವರು, ಅದರ ಲಾಭವನ್ನೂ ಬಲ್ಲವರು. ಆದರೆ ಸರಿಯಾಗಿ ಯೋಚಿಸಿದರೆ, ನಮ್ಮ ಭಾಷೆಯಲ್ಲಿ ನಾಲ್ಕು ಪ್ರಶ್ನೆ ಕೇಳಲಾಗದವನಿಗೇ ನಾವು ಮೊದಲು ಹೇಳಬೇಕು. ಅವನೇ ಹೆಚ್ಚು ನಂಬಿ ಕೊಳ್ಳುವವನು.

ಹೇಳಿದರೆ ಏನಾಯಿತು?

ಪಂಪು ಬದಲಿಸಲು ಕೂಲಿ ಸೇರಿ ಮೂರೂವರೆ ಸಾವಿರ ರೂಪಾಯಿ ಎಂದರು ಮಿಸ್ತ್ರಿ. ಇಪ್ಪತ್ತು ಸಾವಿರದ ಭಯ ಮೂರೂವರೆ ಸಾವಿರಕ್ಕೆ ಇಳಿಯಿತು ಎಂದು ನಾವು ಸಂತೋಷಪಟ್ಟೆವು. ಆದರೆ ಆ ಅಣ್ಣ ಒಂದು ಮಾತು ಸೇರಿಸಿದರು: ಹೋದ ಬೇಸಿಗೆಯಲ್ಲಿ ಗಾಡಿ ಎರಡು ಸಲ ಕುದಿದು ನಿಂತಿತ್ತು. ಹಾಗೆ ಕುದಿದ ಇಂಜಿನ್ನಿನ ಅಲ್ಯೂಮಿನಿಯಂ ಹೆಡ್ ಸ್ವಲ್ಪ ಬಾಗಿರಬಹುದು, ಬಾಗದೆಯೂ ಇರಬಹುದು. ಬಿಚ್ಚದೆ ಯಾರೂ ಖಾತ್ರಿ ಹೇಳಲಾರರು. ಸೋರಿಕೆ ರಿಪೇರಿಯಾದ ಮೇಲೆ ಆ ಹಳೆಯ ಕಥೆಯನ್ನೂ ಹೇಳಬೇಕೇ?

ನಾವು ಒಪ್ಪಿದ್ದು ಹೀಗೆ. ಗೊತ್ತಿರುವುದನ್ನು ಗೊತ್ತಿದೆ ಎಂದು, ಅನುಮಾನವನ್ನು ಅನುಮಾನ ಎಂದು ಹೇಳಬೇಕು. ಇಲ್ಲದ ಭಯ ಹುಟ್ಟಿಸುವುದೂ ಬೇಡ, ಇರುವ ಭಯ ಅಡಗಿಸುವುದೂ ಬೇಡ. ಅವರು ಪಂಪು ಹಾಕಿಸಿದರು, ಬಿಲ್ಲು ಇಟ್ಟುಕೊಂಡರು, ಬಂದವರಿಗೆಲ್ಲ ಎರಡನ್ನೂ ಹೇಳಿದರು.

ಮೊದಲು ಬಂದವರು ಕುದಿದ ಮಾತು ಕೇಳಿ ಚಹಾ ಕುಡಿದು ಹೊರಟುಹೋದರು. ಎರಡನೆಯವರು, ಹಾಲಿನ ವ್ಯಾಪಾರದ ಮರಾಠಿ ಮಾತಿನ ಗೃಹಸ್ಥರು, ನಾವು ಎಣಿಸಿದ್ದಕ್ಕಿಂತ ಹದಿನೈದು ಸಾವಿರ ಕಡಿಮೆಗೆ ತೆಗೆದುಕೊಂಡರು. ಶುಲ್ಕಕ್ಕೆ ಬಿದ್ದ ಕೊರತೆಗೆ ಅವರ ತಾಯಿ ಬಚತ್ ಗಟದಿಂದ ಸಾಲ ತೆಗೆದರು. ಆ ಸಾಲದ ಕಂತು ಇನ್ನೂ ನಡೆಯುತ್ತಿದೆ. ಸತ್ಯ ಹೇಳಿದ್ದರಿಂದ ಹೆಚ್ಚು ಬೆಲೆ ಬಂತು ಎಂದು ಬರೆಯಲು ನಮಗೂ ಇಷ್ಟ, ಆದರೆ ಹಾಗಾಗಲಿಲ್ಲ. ಬಡವನಿಗೆ ಸತ್ಯ ದುಬಾರಿ ಎಂಬ ಮಾತನ್ನು ನಾವು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಆ ಹದಿನೈದು ಸಾವಿರ ಎಲ್ಲಿಯೂ ಮಾಯವಾಗುವ ಹಣವಲ್ಲ. ನಾವು ಹೊರದಿದ್ದರೆ ಹಾಲು ಮಾರುವ ಮನೆ ಅದನ್ನು ಹೊರಬೇಕಿತ್ತು, ಏನೂ ತಿಳಿಯದೆ, ಯಾವುದೋ ರಸ್ತೆಯ ನಡುವೆ. ಮತ್ತು ಆ ತಾಯಿಯ ಕಂತಿನ ಭಾರ ಅವರೊಬ್ಬರದೇ ಆಗಬಾರದು. ಸತ್ಯ ಹೇಳು ಎಂದು ಉಪದೇಶಿಸುವ ಸಮುದಾಯ ಅದರ ಬೆಲೆಯಲ್ಲೂ ಪಾಲು ಹೊರಬೇಕು. ನಮ್ಮ ಕೂಟ ಎರಡು ಕಂತು ಕಟ್ಟುವುದೆಂದು ನಿರ್ಧರಿಸಿದೆ.

ಒಂದು ಪ್ರಶ್ನೆ ಬಾಕಿ ಉಳಿದಿದೆ. ದಲಾಲನಿಗೆ ಮಾರುವಾಗ ಎಲ್ಲವನ್ನೂ ಹೇಳುತ್ತೇವೆ. ಅವನು ಮುಂದಿನವನಿಗೆ ಹೇಳುವುದಿಲ್ಲ ಎಂದು ನಮಗೆ ಗೊತ್ತು. ಹೇಳಿದ ಮೇಲೆ ನಮ್ಮ ಹೊಣೆ ಮುಗಿಯಿತೇ? ದೋಷವನ್ನು ಮಾರಾಟದ ಕಾಗದದಲ್ಲೇ ಬರೆಯಬೇಕು ಎಂದು ಕೆಲವರು, ಅಂಥವನಿಗೆ ಮಾರಲೇಬಾರದು ಎಂದು ಕೆಲವರು. ಗಾಡಿ, ಎತ್ತು, ಹೊಲ, ಬೋರು ಏನನ್ನೇ ಮಾರಿದ ಕೊಂಡ ಅನುಭವವಿರುವ ಹಿರಿಯರು ಮುಂದಿನ ಭಾನುವಾರ ಬಲಿಪೂಜೆಯ ನಂತರ ನಮ್ಮ ಕೂಟಕ್ಕೆ ಬಂದು ತಮ್ಮ ಮಾತು ಹೇಳಬೇಕೆಂದು ಕೇಳಿಕೊಳ್ಳುತ್ತೇವೆ.